ನುಡಿ ಫಾಂಟಿನ ಪ್ರಬಂಧಗಳು ಕೊನೆಗೂ ಹುಡುಕಾಟಕ್ಕೆ ಸಿಕ್ಕವು

“ಪಿಡಿಎಫ್ ಏರಿಸಿದರೆ ಸಾಕು, ಮುಂಬೈಯಲ್ಲಿ ಕುಳಿತು ಕನ್ನಡ ಸಂಶೋಧನಾ ಪ್ರಬಂಧದೊಳಗೆ ಪದ ಹುಡುಕುವವರು ಯಾರು?” ಎಂದು ಗ್ರಂಥಾಲಯ ಸಮಿತಿಯಲ್ಲಿ ನಕ್ಕವರಿದ್ದರು. ಈಗ ‘ಯಕ್ಷಗಾನ’ ಎಂದು ಕೊಟ್ಟರೆ ಡಿಸ್ಪೇಸ್ ಎಂಬ ತಂತ್ರಾಂಶದಲ್ಲಿ ನಡೆಯುವ ನಮ್ಮ ಗ್ರಂಥಾಲಯದ ಡಿಜಿಟಲ್ ಭಂಡಾರ ಅಧ್ಯಾಯದೊಳಗಿನ ಸಾಲನ್ನೂ ಹಿಡಿದು ತರುತ್ತದೆ.

ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕೆಂಬ 2009ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದ ನಂತರದ ಪ್ರಬಂಧಗಳು ಸಿ.ಡಿ.ಯಲ್ಲಿದ್ದವು, ಹೆಚ್ಚಿನವು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್ ಕಸ. ಅಧ್ಯಾಯವಾರು ಕಡತ ಮಾಡಿ ದೇಶದ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಕಳುಹಿಸಿದರೂ ಒಳಗಿನ ಪಠ್ಯ ಹುಡುಕಾಟಕ್ಕೆ ದಕ್ಕುತ್ತಿರಲಿಲ್ಲ.

ಮೊದಲು ಪಠ್ಯ ಬದಲಿಸುವ ಕೆಲಸವನ್ನು ಹೊರಗುತ್ತಿಗೆ ಕೊಟ್ಟೆವು. ಪುಟಕ್ಕೆ ನಾಲ್ಕು ರೂಪಾಯಿಯಂತೆ ಮೂವತ್ತು ಸಾವಿರದಷ್ಟು ನೀರಿಗೆ ಹೋಯಿತು. ಅವರು ಪಿಡಿಎಫ್‌ನಿಂದ ಪಠ್ಯ ಎಳೆದು ಯೂನಿಕೋಡ್‌ಗೆ (ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಬದಲಿಸುವ ಪರಿವರ್ತಕಕ್ಕೆ ಸುರಿದರು, ಅಷ್ಟೇ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು. ‘ಧರ್ಮ’, ‘ಕರ್ತೃ’ ಎಲ್ಲವೂ ಕುಲಗೆಟ್ಟವು. ಅಡಿಟಿಪ್ಪಣಿಯ ಇಂಗ್ಲಿಷ್ ಹೆಸರುಗಳೂ ಅರ್ಥವಿಲ್ಲದ ಕನ್ನಡವಾದವು!

ಪಿಡಿಎಫ್ ಬಿಟ್ಟು ಮೂಲ ವರ್ಡ್ ಕಡತ ಹಿಡಿದ ಮೇಲೆ ದಾರಿ ತೆರೆಯಿತು. ಅಲ್ಲಿ ಪ್ರತಿ ತುಣುಕಿಗೂ ಫಾಂಟಿನ ಹೆಸರು ಅಂಟಿಕೊಂಡಿರುತ್ತದೆ. ನುಡಿಯ ತುಣುಕನ್ನಷ್ಟೇ ಬದಲಿಸಿದರೆ ಇಂಗ್ಲಿಷ್ ಹಾಗೆಯೇ ಉಳಿಯುತ್ತದೆ. ಆ ಕಡತ ಸಂಶೋಧಕರ ಬಳಿ ಇರುವುದು ಅಪರೂಪ, ಡಿಟಿಪಿಯವರ ಬಳಿ ಇರುತ್ತದೆ. ಮಾಟುಂಗ, ಡೊಂಬಿವಲಿಯ ಅಂಗಡಿಗಳಿಗೆ ನಾನೇ ಅಲೆದೆ. ಯಾವ ಅಕ್ಷರವನ್ನು ಯಾವುದಕ್ಕಿಂತ ಮೊದಲು ಬದಲಿಸಬೇಕು ಎಂಬ ಪಟ್ಟಿಯನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಇಡೀ ಮಳೆಗಾಲ ತಿಂದದ್ದು ಅದೇ.

ಓದಲು ಹಳೆಯ ಪಿಡಿಎಫ್ ಹಾಗೆಯೇ ಇರುತ್ತದೆ. ಡಿಸ್ಪೇಸ್ ತಾನೇ ಎಳೆದಿಟ್ಟ ಪಠ್ಯದ ಕಡತವನ್ನು ತೆಗೆದು ಅದೇ ಹೆಸರಿನಲ್ಲಿ ನಮ್ಮ ಯೂನಿಕೋಡ್ ಪಠ್ಯ ಇಟ್ಟು, ಹುಡುಕಾಟದ ಸೂಚಿಯನ್ನು ಮತ್ತೆ ಕಟ್ಟಿಸಬೇಕು. ನಂತರ ಯಾರಾದರೂ ಪಿಡಿಎಫ್‌ನಿಂದ ಪಠ್ಯ ಎಳೆಯುವ ಡಿಸ್ಪೇಸ್‌ನ ಆದೇಶವಾದ ಫಿಲ್ಟರ್ ಮೀಡಿಯಾವನ್ನು ಬಲವಂತದ ಆಯ್ಕೆಯೊಂದಿಗೆ ಓಡಿಸಿದರೆ ಕಸವೇ ವಾಪಸು ಬರುತ್ತದೆ. ರಾತ್ರಿಯ ಸ್ವಯಂಚಾಲಿತ ಕೆಲಸಗಳನ್ನು ನೋಡಿಕೊಳ್ಳುವವರಿಗೆ ಇದನ್ನು ಬರೆದೇ ಕೊಡಿ, ಬಾಯಿಮಾತು ನಂಬಬೇಡಿ. ಈ ಕೆಲಸಕ್ಕೆ ವಿದ್ಯಾರ್ಥಿಯೊಬ್ಬರಿಗೆ ಪ್ರಬಂಧವೊಂದಕ್ಕೆ ಮುನ್ನೂರು ರೂಪಾಯಿಯಂತೆ ಕೊಟ್ಟೆವು. ಹೊರಗಿನವರ ದರದಲ್ಲಿ ಅದೇ ಸಾವಿರ ದಾಟುತ್ತಿತ್ತು.

ನಡುವೆ ಬೆರಳಚ್ಚಿನ ಹಳೆಯ ಪ್ರಬಂಧಗಳನ್ನು ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶಕ್ಕೂ ಕೊಟ್ಟು ನೋಡಿದೆ. ಮುದ್ರಿತ ಪುಟಗಳನ್ನು ಪರವಾಗಿಲ್ಲ ಎನ್ನುವಂತೆ ಓದುವ ಅದು, ಬೆರಳಚ್ಚಿನ ಜೋತುಬಿದ್ದ ಒತ್ತಕ್ಷರಗಳ ಮುಂದೆ ಸೋತಿತು. ಅವುಗಳ ಪರಿವಿಡಿಯನ್ನೂ ಸಾರಾಂಶವನ್ನೂ ಕೈಯಿಂದ ಟೈಪ್ ಮಾಡಿಸುತ್ತಿದ್ದೇವೆ. ಲೇಖಕರ ಒಪ್ಪಿಗೆ ಪತ್ರ ಬರುವ ತನಕ ಅಷ್ಟನ್ನೇ ತೆರೆದಿಡುತ್ತೇವೆ.