ಹಳೆಯ ಸೇತುವೆಯನ್ನು ಬದಲಿಸುವಾಗ ಅದರ ತುದಿಯ ಜಂಕ್ಷನ್ನನ್ನೂ ಸರಿಪಡಿಸುವ ಕ್ರಮ

2024ರ ಆಗಸ್ಟ್ 7ರ ನಡುರಾತ್ರಿಯ ನಂತರ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಆ ಸೇತುವೆಗೆ ಆಗ ಸುಮಾರು 40 ವರ್ಷ. ಪಕ್ಕದಲ್ಲೇ ಹೊಸ ಸೇತುವೆಯಿದ್ದರೂ ರಾಷ್ಟ್ರೀಯ ಹೆದ್ದಾರಿ 66ರ ಒಂದು ದಿಕ್ಕಿನ ವಾಹನಗಳು ಹಳೆಯದರ ಮೇಲೆಯೇ ಓಡುತ್ತಿದ್ದವು. ಹೊಸದನ್ನು ಯೋಜಿಸುವವರು ಇರುವ ಸೇತುವೆಯ ಪರೀಕ್ಷೆಯಿಂದಲೇ ಕೆಲಸ ಆರಂಭಿಸಬೇಕೆನ್ನುವುದು ಇದಕ್ಕಾಗಿಯೇ.

ಡಾಂಬರಿನ ಗುಂಡಿ, ಮುರಿದ ತಡೆಗೋಡೆ ಎಲ್ಲರ ಕಣ್ಣಿಗೂ ಬೀಳುತ್ತವೆ; ಹೆಚ್ಚಿನ ಅಪಾಯ ಕೆಳಗಿರುತ್ತದೆ. ಪ್ರವಾಹ ಕಂಬಗಳ ಬುಡದ ಮಣ್ಣನ್ನು ಎಷ್ಟು ಕೊರೆದಿದೆ ಎಂಬುದನ್ನು ಮಳೆಗಾಲ ಮುಗಿದೊಡನೆ ಮುಳುಗುಗಾರರಿಂದ ನೋಡಿಸಬೇಕು. ಕರಾವಳಿಯಲ್ಲಿ ಉಪ್ಪಿನಂಶ ಕಾಂಕ್ರೀಟಿನೊಳಗೆ ಇಳಿದು ಸರಳುಗಳಿಗೆ ತುಕ್ಕು ಹಿಡಿಸುತ್ತದೆ, ತುಕ್ಕಿನಿಂದ ಉಬ್ಬಿದ ಸರಳು ಕಾಂಕ್ರೀಟನ್ನೇ ಸೀಳುತ್ತದೆ. ಹಾಗಾಗಿ ಕಾಂಕ್ರೀಟಿನ ಮಾದರಿ ತೆಗೆದು ಪರೀಕ್ಷಿಸುವುದರ ಜೊತೆಗೆ ಗರ್ಡರುಗಳ (ಸೇತುವೆಯ ಭಾರ ಹೊರುವ ತೊಲೆಗಳ) ಕೆಳಗಿನ ಬೇರಿಂಗುಗಳನ್ನೂ, ಅಂದರೆ ಆ ತೊಲೆಗಳು ಕಂಬದ ಮೇಲೆ ಕೂರುವ ಆಧಾರಗಳನ್ನೂ, ಒಂದೊಂದಾಗಿ ನೋಡಬೇಕು. ವರದಿ ಕೆಟ್ಟದಾಗಿ ಬಂದರೆ ಹೊಸ ಸೇತುವೆಗೆ ಕಾಯದೆ ಭಾರಿ ವಾಹನಗಳನ್ನು ಅಂದೇ ನಿಲ್ಲಿಸಬೇಕು, ಎಷ್ಟೇ ಸುತ್ತುದಾರಿಯಾದರೂ ಸರಿ.

ಹೊಸ ಸೇತುವೆಯ ಎತ್ತರವನ್ನು ದಾಖಲೆಯ ಗರಿಷ್ಠ ಪ್ರವಾಹದ ಮಟ್ಟ ನೋಡಿ ನಿರ್ಧರಿಸಬೇಕು. 2016ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಮಹಾಡದ ಬಳಿ ಬ್ರಿಟಿಷರ ಕಾಲದ ಸೇತುವೆಯನ್ನು ಬಸ್ಸುಗಳ ಸಮೇತ ಕೊಚ್ಚಿಕೊಂಡು ಹೋದದ್ದು ಸಾವಿತ್ರಿ ನದಿಯ ನೆರೆಯೇ.

ಸೇತುವೆಯನ್ನಷ್ಟೇ ಅಗಲಗೊಳಿಸಿ ಜಂಕ್ಷನ್ನನ್ನು ಹಾಗೆಯೇ ಬಿಟ್ಟರೆ ವಾಹನಗಳ ಸಾಲು ಇನ್ನೂರು ಮೀಟರ್ ಮುಂದಕ್ಕೆ ಸರಿಯುತ್ತದೆ, ಅಷ್ಟೇ. ವಾರವಿಡೀ ಹಗಲಿರುಳು ವಾಹನಗಳನ್ನು ಎಣಿಸುವಾಗ ಒಟ್ಟು ಸಂಖ್ಯೆಯ ಜೊತೆಗೆ ಯಾವ ದಿಕ್ಕಿನಿಂದ ಬಂದು ಯಾವ ದಿಕ್ಕಿಗೆ ತಿರುಗುತ್ತವೆ ಎಂಬುದನ್ನೂ ಬರೆದುಕೊಳ್ಳಬೇಕು, ಏಕೆಂದರೆ ಬಲಕ್ಕೆ ತಿರುಗುವ ವಾಹನಗಳೇ ಎದುರಿನವನ್ನು ತಡೆದು ನಿಲ್ಲಿಸುತ್ತವೆ. ಮೂರು ರಸ್ತೆ ಕೂಡುವಲ್ಲಿ, ಸುತ್ತು ಹಾಕಿ ಒಂದು ರಸ್ತೆಯಿಂದ ಇನ್ನೊಂದಕ್ಕೆ ಏರಿಳಿಸುವ ಒಂದೇ ಸುತ್ತುರ‍್ಯಾಂಪ್ ಸಾಕಾಗಬಹುದು. ನಾಲ್ಕು ಕೂಡುವಲ್ಲಿ ಅಂಡರ್‌ಪಾಸ್ ಅಥವಾ ಮೇಲ್ಸೇತುವೆ ಬೇಕಾದೀತು. ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆ ಕಟ್ಟಿದಾಗ ದೇವನಹಳ್ಳಿಯ ವಿಮಾನ ನಿಲ್ದಾಣ ಇನ್ನೂ ಆರಂಭವಾಗಿರಲಿಲ್ಲ; 2008ರ ನಂತರ ಅತ್ತಲಿಂದ ಹಲವು ಸಾಲುಗಳಲ್ಲಿ ಬಂದ ವಾಹನಗಳು ಇಕ್ಕಟ್ಟಾದ ಪಥಗಳಲ್ಲಿ ಒಂದಾಗಬೇಕಾಯಿತು. ಎರಡು ಹರಿವು ಸೇರುವ ಜಾಗದಲ್ಲಿ ಪಥಗಳನ್ನು ಥಟ್ಟನೆ ಕಡಿತಗೊಳಿಸದೆ ಉದ್ದಕ್ಕೆ ಕಿರಿದಾಗಿಸುವುದೂ, ಬಸ್ ನಿಲ್ದಾಣವನ್ನು ಆ ಜಾಗದಿಂದ ದೂರವಿಡುವುದೂ ವಿನ್ಯಾಸದಲ್ಲೇ ಸೇರಿರಬೇಕು. ನಡೆದು ಹೋಗುವವರು ರಸ್ತೆ ದಾಟುವ ದಾರಿಯನ್ನು ಕೊನೆಗೆ ಉಳಿದ ಹಣದಲ್ಲಿ ಮಾಡೋಣವೆಂದು ಬಿಟ್ಟ ಕಡೆ ಅದು ಆಗುವುದೇ ಇಲ್ಲ.

ಟೆಂಡರಿಗೆ ಮುಂಚೆಯೇ ಭೂಸ್ವಾಧೀನ ಮುಗಿದು, ನೀರಿನ ಕೊಳವೆ ಮತ್ತು ವಿದ್ಯುತ್ ಕೇಬಲ್ಲುಗಳ ಸ್ಥಳಾಂತರಕ್ಕೆ ಒಪ್ಪಿಗೆ ಸಿಕ್ಕಿರಬೇಕು. ನದಿಯೊಳಗಿನ ಅಡಿಪಾಯದ ಕೆಲಸಕ್ಕೆ ಮಳೆ ಇಲ್ಲದ ತಿಂಗಳುಗಳಷ್ಟೇ ಸಿಗುತ್ತವೆ. ಒಂದು ಬೇಸಿಗೆ ತಪ್ಪಿದರೆ ವರ್ಷವೇ ತಪ್ಪುತ್ತದೆ. ಹೊಸ ಸೇತುವೆಯನ್ನು ಪಕ್ಕದಲ್ಲಿ ಕಟ್ಟಿ, ಭಾರದ ಪರೀಕ್ಷೆ ಮಾಡಿ, ಸಂಚಾರವನ್ನು ಪೂರ್ತಿ ಅದರ ಮೇಲೆ ತಿರುಗಿಸಿದ ಬಳಿಕವೇ ಹಳೆಯದನ್ನು ಕೆಡವಬೇಕು. ಕೆಡವಿದ ತುಂಡುಗಳನ್ನೂ ಹಳೆಯ ಕಂಬಗಳ ಮೋಟುಗಳನ್ನೂ ನದಿಯಲ್ಲೇ ಬಿಟ್ಟರೆ ಹರಿವು ಅಡ್ಡ ತಿರುಗಿ ಹೊಸ ಕಂಬಗಳ ಬುಡವನ್ನು ಕೊರೆಯಬಹುದು. ಅವನ್ನು ತೆಗೆಯುವ ವೆಚ್ಚ ಮೊದಲ ಅಂದಾಜುಪಟ್ಟಿಯಲ್ಲೇ ಬರೆದಿರಲಿ.