ಕತ್ತಾಳೆ ಪಟ್ಟೆ ಕೊಯ್ಯುವ ಕ್ರಮ

ಚಿತ್ರದುರ್ಗ, ತುಮಕೂರು, ಬಳ್ಳಾರಿ ಕಡೆಯ ಬದು-ಬೇಲಿಗಳಲ್ಲಿ ಕತ್ತಾಳೆ ಯಾರ ಆರೈಕೆಯೂ ಇಲ್ಲದೆ ಬೆಳೆದಿರುತ್ತದೆ. ಮೂಲ ಮೆಕ್ಸಿಕೊ ಕಡೆಯದಾದರೂ ನಮ್ಮ ಒಣನೆಲಕ್ಕೆ ಚೆನ್ನಾಗಿ ಒಗ್ಗಿದೆ. ಹಾಗಾಗಿ ನಾರಿಗೆಂದು ಅದರ ಪಟ್ಟೆಯನ್ನು, ಅಂದರೆ ದಪ್ಪನೆಯ ಉದ್ದ ಎಲೆಯನ್ನು, ಹೇಗೆ ಕೊಯ್ದರೂ ಚಿಗುರುತ್ತದೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಕೊಯ್ದ ಪಟ್ಟೆ ಹುಲ್ಲಿನಂತೆ ಮತ್ತೆ ಬೆಳೆಯುವುದಿಲ್ಲ. ಹೊಸ ಪಟ್ಟೆ ಬರುವುದು ನಡುವಿನ ಸುಳಿಯಿಂದ ಮಾತ್ರ, ಅದೂ ಉಳಿದ ಪಟ್ಟೆಗಳು ಕೂಡಿಟ್ಟ ನೀರು, ಆಹಾರದ ಬಲದ ಮೇಲೆ.

ಗಿಡಕ್ಕೆ ಮೂರು ವರ್ಷವಾದರೂ ತುಂಬಿರಲಿ. ನೆಟ್ಟಗಿರುವ ಸುಳಿಯಿಂದ 45 ಡಿಗ್ರಿಗಿಂತ ಹೆಚ್ಚು ಹೊರಕ್ಕೆ ವಾಲಿದ ಕೆಳಸುತ್ತಿನ ಪಟ್ಟೆಗಳನ್ನಷ್ಟೇ ತೆಗೆಯಿರಿ. ಕೊಯ್ಲು ಮುಗಿದಾಗ ಗಿಡದಲ್ಲಿ ಸುಮಾರು 20 ಪಟ್ಟೆ ಉಳಿದಿರಬೇಕು. ಮೇಲಿನ ಎಳೆಯ ಪಟ್ಟೆಗೆ ಕೈಹಾಕಿದರೆ ಸಿಗುವ ನಾರು ಗಿಡ್ಡ, ಬಲವೂ ಕಡಿಮೆ. ಮುಂದಿನ ವರ್ಷ ಬರುವ ಪಟ್ಟೆಯೂ ಕಿರಿದಾಗುತ್ತದೆ. ಮಳೆ ಕಡಿಮೆ ಇರುವ ಕಡೆ ವರ್ಷಕ್ಕೆ ಒಂದೇ ಕೊಯ್ಲು ಸಾಕು.

ಕಾಲ ಎಂದರೆ ದೀಪಾವಳಿ ಕಳೆದು ಶಿವರಾತ್ರಿಯೊಳಗೆ. ಮಳೆಯಲ್ಲಿ ಕೊಯ್ದರೆ ಗಾಯದ ಮೂಲಕ ಬೂಷ್ಟು ಇಳಿದು ಬೊಡ್ಡೆಯೇ ಕೊಳೆಯುತ್ತದೆ. ಮೊದಲು ತುದಿಯ ಮುಳ್ಳು ಕತ್ತರಿಸಿ, ಹರಿತವಾದ ಮಚ್ಚಿನಿಂದ ಬೊಡ್ಡೆಗೆ ಒಂದಂಗುಲ ಬಿಟ್ಟು ಒಂದೇ ಏಟಿಗೆ ಕಡಿಯಿರಿ. ರಸದಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಮೈಗೆ ತಾಗಿದರೆ ವಿಪರೀತ ತುರಿಕೆ. ತುಂಬುತೋಳಿನ ಅಂಗಿ, ಕೈಗವಸು ಬೇಕೇ ಬೇಕು, ಕಣ್ಣಿಗೂ ಜೋಪಾನ.

ಕೊಯ್ದ ದಿನ, ತಪ್ಪಿದರೆ ಮರುದಿನ, ಪಟ್ಟೆಯನ್ನು ಜಜ್ಜಿ ಹಲಗೆಯ ಮೇಲೆ ಮೊಂಡು ಅಲಗಿನಿಂದ ಹೆರೆಯಿರಿ. ಬಾಡಿದ ಪಟ್ಟೆಯಲ್ಲಿ ತಿರುಳು ನಾರಿಗೆ ಅಂಟಿಕೊಂಡು ಬಿಡುವುದಿಲ್ಲ. ನೂರು ಕಿಲೋ ಪಟ್ಟೆಗೆ ಒಣನಾರು ಮೂರು-ನಾಲ್ಕು ಕಿಲೋ ಸಿಕ್ಕರೆ ಸರಿಯಾಗಿ ಹೆರೆದಿದ್ದೀರಿ ಎಂದರ್ಥ. ಪಟ್ಟೆಯನ್ನು ಕೆರೆಯಲ್ಲಿ ಕೊಳೆಹಾಕುವ ರೂಢಿ ಮಾತ್ರ ಬಿಡಲೇಬೇಕು: ರಸದಲ್ಲಿರುವ ನೊರೆಯ ಅಂಶಕ್ಕೆ ಮೀನು ಸಾಯುತ್ತವೆ, ನೀರು ದನಕ್ಕೂ ಬಾರದು. ಹೆರೆದ ತಿರುಳನ್ನು ಗುಂಡಿಗೆ ಹಾಕಿದರೆ ಗೊಬ್ಬರವಾಗುತ್ತದೆ.

ತಾಯಿಗಿಡ ಒಮ್ಮೆ ಹೂಗಂಬ ಎತ್ತಿತೆಂದರೆ ಅದರ ಆಯಸ್ಸು ಮುಗಿಯಿತು. ಆದ್ದರಿಂದ ಪ್ರತಿ ಬುಡದಲ್ಲೂ ಎರಡು-ಮೂರು ಮರಿ ಬಿಟ್ಟಿರಿ. ಮಿಕ್ಕವು ಒಂದಡಿ ಎತ್ತರವಾದಾಗ ಕಿತ್ತು, ಗಾಯ ಒಣಗುವವರೆಗೆ ನಾಲ್ಕೈದು ದಿನ ನೆರಳಲ್ಲಿಟ್ಟು, ಮುಂಗಾರಿನ ಮೊದಲ ಹದಕ್ಕೆ ಬದುವಿನ ಖಾಲಿ ಜಾಗದಲ್ಲಿ ನೆಡಿ. ಸಣ್ಣ ಪಟ್ಟೆಯ ಜಾತಿಗೆ ಮೂರಡಿ, ಅಂಚೆಲ್ಲ ಮುಳ್ಳಿರುವ ದೊಡ್ಡ ಜಾತಿಗೆ ಆರಡಿ ಅಂತರ. ಸುಳಿಗೆ ಮಣ್ಣು ಬೀಳದಷ್ಟು ಮೇಲಾಗಿ ನೆಡಬೇಕು, ನೀರು ನಿಲ್ಲುವ ತಗ್ಗು ಆಗದು. ಗೋಮಾಳಕ್ಕೆ, ಕಾಡಂಚಿಗೆ ಒಯ್ದು ನೆಡಬೇಡಿ. ಒಮ್ಮೆ ಹಬ್ಬಿದರೆ ಹುಲ್ಲಿಗೆ ಜಾಗವಿರದು.

ಕಂಬ ಎದ್ದ ಗಿಡಕ್ಕೆ ಇಪ್ಪತ್ತರ ಲೆಕ್ಕವಿಲ್ಲ, ಅದು ಇನ್ನು ಹೊಸ ಪಟ್ಟೆ ಬಿಡುವುದಿಲ್ಲ. ಎಲ್ಲವನ್ನೂ ಕೊಯ್ದುಕೊಳ್ಳಿ. ಕಂಬದ ಮೇಲೆ ಮೂಡುವ ಮರಿಗಳು ಬೇಕೆಂದಿದ್ದರೆ ಮಾತ್ರ ಅವು ಉದುರುವ ತನಕ ಪಟ್ಟೆ ಮುಟ್ಟಬೇಡಿ.