ಸ್ಕ್ಯಾನ್ ನಾರ್ಮಲ್, ಆದರೂ ತಲೆ ಓಡಲ್ಲ

ಬೈಪೋಲಾರ್ (ಮನಸ್ಸು ಕೆಲಕಾಲ ವಿಪರೀತ ಉಬ್ಬುವ, ಕೆಲಕಾಲ ಖಿನ್ನತೆಗೆ ಇಳಿಯುವ ಕಾಯಿಲೆ) ಇರುವವರನ್ನು ಮನೆಯವರು ನನ್ನ ಹತ್ತಿರ ಕರೆತರುವಾಗ ಕೈಯಲ್ಲಿ ಒಂದು ದೊಡ್ಡ ಕವರ್ ಇದ್ದೇ ಇರುತ್ತದೆ. ಒಳಗೆ ಎಂಆರ್‌ಐ ಫಿಲ್ಮು. ರಿಪೋರ್ಟಿನಲ್ಲಿ ಎಲ್ಲ ನಾರ್ಮಲ್. ‘ಮೆದುಳು ಸರಿಯಾಗೇ ಇದೆಯಂತೆ ಮೇಡಂ. ಹಂಗಾದ್ರೆ ಇವನಿಗೆ ಹೇಳಿದ್ದು ಯಾಕೆ ನೆನಪಿರಲ್ಲ? ಸುಮ್ನೆ ಸೋಮಾರಿತನ ಅಲ್ವಾ?’ ಅಂತ ಕೇಳುತ್ತಾರೆ. ಕಾಯಿಲೆಯವರು ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿರುತ್ತಾರೆ.

ನಾನು ದಾವಣಗೆರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಮಾತ್ರೆ ಬರೆಯುವುದು ನನ್ನ ಕೆಲಸವಲ್ಲ, ಅದು ಮನೋವೈದ್ಯರದು. ಮೇನಿಯಾ, ಅಂದರೆ ಆ ಉಬ್ಬಿದ ಸ್ಥಿತಿ, ಇಳಿದು, ಖಿನ್ನತೆಯೂ ಹೋಗಿ, ನಿದ್ದೆ ಊಟ ಸರಿಯಾದ ಮೇಲೂ ಕೆಲಸಕ್ಕೆ ಕೂರಲಾಗದವರನ್ನು ಅವರು ನನ್ನ ಕಡೆ ಕಳಿಸುತ್ತಾರೆ. ಮಂಡಿಯ ಗುಮಾಸ್ತರು, ಇಂಜಿನಿಯರಿಂಗ್ ಓದುವ ಹುಡುಗರು, ಜಗಳೂರು ಕಡೆಯ ಹೆಣ್ಣುಮಕ್ಕಳು, ಹೀಗೆ ಎಲ್ಲ ಥರದವರೂ ಬರುತ್ತಾರೆ. ‘ಮನಸ್ಸು ಆರಾಮಿದೆ ಮೇಡಂ, ಆದ್ರೆ ತಲೆ ಮೊದಲಿನಂಗೆ ಓಡಲ್ಲ’ ಎಂಬ ಮಾತು ಮಾತ್ರ ಎಲ್ಲರದೂ ಒಂದೇ.

ಮೊದಲು ಆ ಕವರಿನ ವಿಷಯ ಹೇಳುತ್ತೇನೆ. ಮಾಮೂಲಿ ಎಂಆರ್‌ಐ ತೋರಿಸುವುದು ಮೆದುಳಿನ ಆಕಾರವನ್ನು. ಗಡ್ಡೆ ಇದೆಯಾ, ಪೆಟ್ಟಾಗಿದೆಯಾ, ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡಲು ಅದು ಬೇಕು. ಆದರೆ ಬೈಪೋಲಾರ್‌ನಲ್ಲಿ ಸಂಶೋಧಕರು ಹುಡುಕುತ್ತಿರುವುದು ಮೆದುಳಿನ ಭಾಗಗಳು ಒಂದರ ಜೊತೆ ಇನ್ನೊಂದು ಹೇಗೆ ಹೊಂದಿಕೊಂಡು ಕೆಲಸ ಮಾಡುತ್ತವೆ ಅನ್ನುವುದನ್ನು. ನಮ್ಮ ಕಡೆಯವರಿಗೆ ನಾನು ಭದ್ರಾ ನಾಲೆಯ ಮಾತು ಹೇಳುತ್ತೇನೆ. ನಾಲೆ ಒಡೆದಿಲ್ಲ, ನೀರೂ ಇದೆ. ಆದರೆ ತೂಬು ಎತ್ತುವ ಹೊತ್ತು ತಪ್ಪಿದರೆ ಕೊನೆ ಭಾಗದ ಗದ್ದೆಗೆ ನೀರು ಬರುವುದಿಲ್ಲ. ನಾಲೆಯ ಫೋಟೋ ತೆಗೆದರೆ ಅದು ಗೊತ್ತಾಗುತ್ತದೆಯೇ? ಕೊನೆ ಭಾಗದ ರೈತರಿಗೆ ಇದಕ್ಕಿಂತ ಜಾಸ್ತಿ ವಿವರಿಸುವ ಅಗತ್ಯವೇ ಬಿದ್ದಿಲ್ಲ.

ಈ ಹೊಂದಾಣಿಕೆಯನ್ನು ಅಳೆಯುವ ದಾರಿ ಶುರುವಾದದ್ದು 1995ರಲ್ಲಿ. ಭಾರತೀಯ ಮೂಲದ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಜನರನ್ನು ಸ್ಕ್ಯಾನರ್ ಒಳಗೆ ಏನೂ ಮಾಡಿಸದೆ ಸುಮ್ಮನೆ ಮಲಗಿಸಿದರು. ಆಗಲೂ ಎಡ ಮತ್ತು ಬಲ ಮೆದುಳಿನಲ್ಲಿ ಕೈ ಆಡಿಸುವ ಭಾಗಗಳ ಚಟುವಟಿಕೆ ಒಂದೇ ಲಯದಲ್ಲಿ ಏರಿಳಿಯುತ್ತಿತ್ತು. ಸುಮ್ಮನಿದ್ದಾಗ ಜಾಗೃತವಾಗುವ ಒಂದು ಜಾಲ, ಗಮನವಿಟ್ಟು ಕೆಲಸ ಮಾಡುವಾಗ ಏಳುವ ಇನ್ನೊಂದು ಜಾಲ, ಇವೆರಡರ ನಡುವೆ ಯಾವುದು ಮುಖ್ಯ ಅಂತ ಆರಿಸುವ ಮತ್ತೊಂದು ಜಾಲ ಇವೆ ಎಂದು ಆಮೇಲೆ ತಿಳಿಯಿತು. ಕೆಲಸ ಶುರುವಾದಾಗ ಮೊದಲನೆಯದು ತಗ್ಗಬೇಕು, ಎರಡನೆಯದು ಏಳಬೇಕು. ಬೈಪೋಲಾರ್ ಇರುವವರಲ್ಲಿ ಈ ಬದಲಾವಣೆ ಸಲೀಸಾಗಿ ಆಗುವುದಿಲ್ಲ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಎಲ್ಲ ಅಧ್ಯಯನಗಳೂ ಒಂದೇ ಜಾಗಕ್ಕೆ ಬೆರಳು ಮಾಡುವುದಿಲ್ಲ ಅನ್ನುವುದೂ ನಿಜ.

ಮೆದುಳಿನ ಭಾಗಗಳನ್ನು ಜೋಡಿಸುವ ಬಿಳಿ ನಾರುಗಳ ಬಗ್ಗೆ ಸಾಕ್ಷಿ ಇನ್ನೂ ಗಟ್ಟಿಯಾಗಿದೆ. ಹಲವು ದೇಶಗಳ ಕೇಂದ್ರಗಳು ಒಟ್ಟುಗೂಡಿ 3033 ಜನರ ಸ್ಕ್ಯಾನ್ ನೋಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದವು. ಬೈಪೋಲಾರ್ ಇರುವವರಲ್ಲಿ ಎಡ ಬಲ ಮೆದುಳನ್ನು ಜೋಡಿಸುವ ದಪ್ಪ ಕಟ್ಟಿನಲ್ಲಿ ಮತ್ತು ಭಾವನೆಯ ಭಾಗಗಳನ್ನು ಮುಂಭಾಗದ ಜೊತೆ ಜೋಡಿಸುವ ನಾರುಗಳಲ್ಲಿ ವ್ಯತ್ಯಾಸ ಕಂಡಿತು. ಮೂಡ್ ಸ್ಥಿರವಾಗಿಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ನಾರುಗಳ ಸ್ಥಿತಿ ಸ್ವಲ್ಪ ಉತ್ತಮವಾಗಿತ್ತು.

ಇದೆಲ್ಲ ಗುಂಪಿನ ಸರಾಸರಿಯ ಮಾತು. ಒಬ್ಬರ ಸ್ಕ್ಯಾನ್ ನೋಡಿ ‘ನಿಮಗೆ ಬೈಪೋಲಾರ್ ಇದೆ, ಅದಕ್ಕೇ ಮರೆವು’ ಅಂತ ಹೇಳಲು ಬರುವುದಿಲ್ಲ. ಆದ್ದರಿಂದ ದುಡ್ಡು ಕೊಟ್ಟು ಮತ್ತೊಂದು ಸ್ಕ್ಯಾನ್ ಮಾಡಿಸಲೇ ಅಂದರೆ ನಾನು ಬೇಡ ಅನ್ನುತ್ತೇನೆ. ಆ ದುಡ್ಡಿನಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ತಮಾಷೆಗೆ ಹೇಳುತ್ತಿಲ್ಲ. ನೆನಪು, ಗಮನ ಅಳೆಯುವ ಪರೀಕ್ಷೆಯ ಪೆಟ್ಟಿಗೆ ತೆಗೆಯುವ ಮುಂಚೆ ನಾನು ನೋಡುವುದು ರಕ್ತದ ರಿಪೋರ್ಟು ಮತ್ತು ಮಾತ್ರೆಯ ಚೀಟಿಯನ್ನು. ಲಿಥಿಯಂ ಕೆಲವರಲ್ಲಿ ಥೈರಾಯ್ಡನ್ನು ಮಂದ ಮಾಡುತ್ತದೆ. ಥೈರಾಯ್ಡ್ ಮಂದವಾದರೆ ತಲೆಯೂ ಮಂದ. ಇದಕ್ಕೆ ಸುಲಭದ ಚಿಕಿತ್ಸೆ ಇದೆ. ಲಿಥಿಯಂ ಅಂಶವನ್ನು ರಾತ್ರಿ ಮಾತ್ರೆ ತಗೊಂಡ ಹನ್ನೆರಡು ಗಂಟೆಯ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ನೋಡಬೇಕು. ಎಷ್ಟೋ ಜನ ಮಾತ್ರೆ ನುಂಗಿಯೇ ರಕ್ತ ಕೊಟ್ಟು ಬಂದಿರುತ್ತಾರೆ. ಆ ಅಂಕಿಗೆ ಅರ್ಥವಿಲ್ಲ.

ಚೀಟಿಯಲ್ಲಿ ನಾನು ಹುಡುಕುವ ಇನ್ನೊಂದು ಹೆಸರು ಟ್ರೈಹೆಕ್ಸಿಫೆನಿಡಿಲ್. ಬೇರೆ ಮಾತ್ರೆಗಳಿಂದ ಮೈ ಬಿಗಿಯಾದಾಗ, ಕೈ ನಡುಗಿದಾಗ ಇದನ್ನು ಕೊಡುತ್ತಾರೆ. ಕೆಲಸಕ್ಕೆ ಬರುವ ಮಾತ್ರೆಯೇ. ಆದರೆ ಅದು ನೆನಪಿನ ಶಕ್ತಿಯನ್ನು ಕುಗ್ಗಿಸುತ್ತದೆ. ಬಿಗಿತ ಹೋದಮೇಲೂ ಹಳೇ ಚೀಟಿಯಲ್ಲಿ ಅದು ವರ್ಷಗಟ್ಟಲೆ ಉಳಿದುಬಿಡುತ್ತದೆ. ಅಂಥದ್ದು ಕಂಡರೆ ಮನೋವೈದ್ಯರಿಗೆ ಒಂದು ಸಾಲು ಬರೆದು ಕಳಿಸುತ್ತೇನೆ. ಬೇಕಿಲ್ಲ ಅನಿಸಿದರೆ ಅವರು ನಿಧಾನಕ್ಕೆ ಇಳಿಸುತ್ತಾರೆ. ಯಾರೂ ತಾವಾಗೇ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಬೈಪೋಲಾರ್‌ನಲ್ಲಿ ಮೇನಿಯಾ ಮತ್ತೆ ಮತ್ತೆ ಬಂದವರಿಗೆ ನೆನಪಿನ ತೊಂದರೆ ಜಾಸ್ತಿ. ತಲೆ ಚುರುಕಾಗಲಿ ಅಂತ ಮಾತ್ರೆ ಬಿಟ್ಟು ಮೇನಿಯಾ ಬರಿಸಿಕೊಂಡರೆ ಇದ್ದದ್ದೂ ಹೋಗುತ್ತದೆ.

ನಮ್ಮ ಬಿಸಿಲಿನ ಬಗ್ಗೆಯೂ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊಲದಲ್ಲೋ ಮಂಡಕ್ಕಿ ಭಟ್ಟಿಯಲ್ಲೋ ಬೆವರು ಸುರಿಸಿ ನೀರು ಕುಡಿಯದೆ ಇದ್ದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಮೈಕೈ ನೋವು ಅಂತ ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೊಂಡರೂ ಏರುತ್ತದೆ. ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ವಾಂತಿ, ತೂರಾಡುವ ನಡಿಗೆ, ಗೊಂದಲ ಕಂಡರೆ ಅದು ಮರೆವಲ್ಲ, ಲಿಥಿಯಂ ಮಿತಿಮೀರಿ ವಿಷವಾಗಿರುವ ಲಕ್ಷಣ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇಷ್ಟಾದ ಮೇಲೆ ನನ್ನ ಪರೀಕ್ಷೆ. ಮೂಡ್ ಕೆಲವು ವಾರ ಸ್ಥಿರವಾಗಿ ಇರುವವರೆಗೂ ಕಾಯುತ್ತೇನೆ. ಇಸಿಟಿ (ಮೆದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಆಗಿದ್ದರೆ ಇನ್ನೂ ಜಾಸ್ತಿ ಕಾಯುತ್ತೇನೆ. ನಾನು ಬಳಸುವುದು 2004ರಲ್ಲಿ ನಿಮ್ಹಾನ್ಸ್ ಹೊರತಂದ ಪರೀಕ್ಷೆಗಳ ಕಟ್ಟು. ವಯಸ್ಸು, ಗಂಡೋ ಹೆಣ್ಣೋ, ಓದು ಎಷ್ಟು ಎಂಬುದನ್ನು ನೋಡಿ ಹೋಲಿಸುವ ಅಳತೆಗಳು ಅದರಲ್ಲಿವೆ. ಶಾಲೆಗೇ ಹೋಗದ ಅಜ್ಜಿಯನ್ನು ಕಾಲೇಜು ಹುಡುಗನ ಅಳತೆಯಲ್ಲಿ ತೂಗಬಾರದಲ್ಲ.

ಅದರಲ್ಲಿ ನನಗೆ ತುಂಬಾ ಹೇಳುವುದು ಪದಗಳ ಪರೀಕ್ಷೆ. ಹದಿನೈದು ಪದ ಓದಿ ಹೇಳುತ್ತೇನೆ, ಅವರು ನೆನಪಿದ್ದಷ್ಟು ಹೇಳಬೇಕು. ಹೀಗೆ ಐದು ಸಲ. ನಡುವೆ ಬೇರೆ ಪಟ್ಟಿ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮೊದಲಿನದನ್ನು ಮತ್ತೆ ಕೇಳುತ್ತೇನೆ. ಎಷ್ಟು ಹೇಳಿದರು ಅನ್ನುವುದಕ್ಕಿಂತ ಹೇಗೆ ಹೇಳಿದರು ಅನ್ನುವುದನ್ನು ನಾನು ಗಮನಿಸುತ್ತೇನೆ. ಕೆಲವರು ಕೊನೆಗೆ ಪದಗಳನ್ನು ತಾವಾಗಿ ಹೇಳಲಾರರು. ಆದರೆ ‘ಈ ಪದ ಇತ್ತಾ?’ ಅಂತ ಕೇಳಿದರೆ ತಟ್ಟನೆ ಸರಿ ಹೇಳುತ್ತಾರೆ. ಅಂದರೆ ವಿಷಯ ಒಳಗೆ ಹೋಗಿದೆ, ಹೊರಗೆ ತೆಗೆಯುವುದಕ್ಕೆ ಒಂದು ಸುಳಿವು ಬೇಕು. ಇನ್ನು ಕೆಲವರಿಗೆ ಐದು ಸಲ ಓದಿದರೂ ಒಳಗೇ ಹೋಗಿರುವುದಿಲ್ಲ. ಇವರಿಬ್ಬರಿಗೂ ಒಂದೇ ಉಪಾಯ ಹೇಳಿದರೆ ಪ್ರಯೋಜನವಿಲ್ಲ. ಮೊದಲನೆಯವರ ಮನೆಯವರಿಗೆ ‘ನೆನಪಿದೆಯಾ?’ ಅಂತ ಕೇಳಬೇಡಿ, ಅರ್ಧ ಮಾತು ನೀವೇ ಎತ್ತಿಕೊಡಿ ಅನ್ನುತ್ತೇನೆ. ಎರಡನೆಯವರಿಗೆ ಒಂದು ಸಲಕ್ಕೆ ಒಂದೇ ವಿಷಯ ಹೇಳಬೇಕು. ಟಿವಿ ಆರಿಸಿ, ಎದುರು ನಿಂತು ಹೇಳಬೇಕು. ಕೇಳಿದ್ದನ್ನು ಅವರ ಬಾಯಲ್ಲೇ ಮತ್ತೆ ಹೇಳಿಸಬೇಕು.

ಬಾರ್ಸಿಲೋನಾದ ತಂಡವೊಂದು ಇಂಥವರಿಗಾಗಿಯೇ ಒಂದು ತರಬೇತಿ ಮಾಡಿದೆ. ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ 21 ವಾರ. ಸ್ಪೇನ್‌ನ ಹಲವು ಕೇಂದ್ರಗಳ 239 ಜನರ ಮೇಲೆ ನೋಡಿ 2013ರಲ್ಲಿ ಪ್ರಕಟಿಸಿದರು. ದಿನದ ಕೆಲಸ, ಜನರೊಡನೆ ಒಡನಾಟ ಸುಧಾರಿಸಿತು. ಪರೀಕ್ಷೆಯ ಅಂಕಗಳು ಮಾತ್ರ ಅಷ್ಟೇನೂ ಮೇಲೇರಲಿಲ್ಲ. ಇದನ್ನು ಓದಿದಾಗ ನನಗೆ ಸಮಾಧಾನವೇ ಆಯಿತು. ನನ್ನ ಕೊಠಡಿಯಲ್ಲಿ ನಾನು ನೋಡುವುದೂ ಅದನ್ನೇ.

21 ವಾರ ಬಸ್ಸು ಹತ್ತಿ ಬನ್ನಿ ಅಂತ ಜಗಳೂರಿನವರಿಗೆ ಹೇಳಲು ಆಗುತ್ತದೆಯೇ? ಮಾತ್ರೆಗೆ ಬರುವ ದಿನವೇ ನನ್ನ ಹತ್ತಿರವೂ ಬರುವಂತೆ ಮಾಡಿಕೊಂಡೆ. ಪ್ರತಿ ಸಲ ಅವರ ಕೆಲಸದ ಒಂದೇ ಒಂದು ತೊಡಕು ಹಿಡಿಯುತ್ತೇವೆ. ಮಂಡಿಯ ಒಬ್ಬ ಗುಮಾಸ್ತರಿಗೆ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಮೆಕ್ಕೆಜೋಳದ ತೂಕ ಬರೆಯುವಾಗಲೇ ಫೋನ್ ಬರುತ್ತಿತ್ತು. ಫೋನ್ ಇಟ್ಟ ಮೇಲೆ ಯಾವ ಲಾರಿಯ ತೂಕ ಅನ್ನುವುದೇ ಮರೆತುಹೋಗುತ್ತಿತ್ತು. ನೆನಪಿನ ಶಕ್ತಿ ಹೆಚ್ಚಿಸಲು ಅವರು ಫೋನಿನಲ್ಲಿ ಏನೇನೋ ಆಟ ಆಡುತ್ತಿದ್ದರು. ಆಟದಲ್ಲಿ ಚುರುಕಾದರು, ತೂಕ ತಪ್ಪುವುದು ನಿಲ್ಲಲಿಲ್ಲ. ಆ ಆಟಗಳ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಇಲ್ಲ. ನಾವು ಮಾಡಿದ್ದು ಇಷ್ಟು. ತೂಕದ ಹೊತ್ತಿನಲ್ಲಿ ಫೋನ್ ಇನ್ನೊಬ್ಬರ ಕೈಗೆ. ಅಂಕಿಯನ್ನು ಜೋರಾಗಿ ಹೇಳಿಯೇ ಬರೆಯುವುದು. ಹತ್ತಾರು ಚೀಟಿಯ ಬದಲು ಜೇಬಿನಲ್ಲಿ ಒಂದೇ ನೋಟ್‌ಬುಕ್. ಓದು ಬರಹ ಬಾರದವರಾದರೆ ನೋಟ್‌ಬುಕ್ಕಿನ ಬದಲು ಫೋನಿನಲ್ಲಿ ದನಿ ಹಿಡಿದಿಡಲು ಕಲಿಸುತ್ತೇನೆ. ಅಡುಗೆಮನೆಯಲ್ಲಿ ಒಲೆಯ ಮೇಲೆ ಇಟ್ಟದ್ದನ್ನು ಮರೆಯುವವರಿಗೂ ಇದೇ ಥರ. ಒಂದು ಮುಗಿಯುವವರೆಗೆ ಇನ್ನೊಂದು ಹಚ್ಚುವುದಿಲ್ಲ.

ಎಲ್ಲಕ್ಕಿಂತ ಕಷ್ಟ ಅಂಗಡಿ ಮಾಲೀಕರನ್ನು ಒಪ್ಪಿಸುವುದು. ಕಾಯಿಲೆಯವರು ಒಪ್ಪಿದರೆ ಮಾತ್ರ ನಾನು ಮಾಲೀಕರ ಜೊತೆ ಮಾತಾಡುತ್ತೇನೆ. ಕಾಯಿಲೆಯ ಹೆಸರು ಎತ್ತುವುದಿಲ್ಲ. ಇವರಿಗೆ ಯಾವ ಕೆಲಸ ಕೊಡಬಹುದು, ಯಾವುದು ಸದ್ಯಕ್ಕೆ ಬೇಡ ಅಂತ ಅರ್ಧ ಪುಟ ಬರೆದುಕೊಡುತ್ತೇನೆ. ಮೊದಲು ಅರ್ಧ ದಿನ, ಬೆಳಗಿನ ಹೊತ್ತು ನಿದ್ದೆಯ ಮಾತ್ರೆಯ ಮಂಪರು ಇಳಿದ ಮೇಲೆ. ರಾತ್ರಿ ಪಾಳಿ ಬೇಡವೇ ಬೇಡ, ನಿದ್ದೆಗೆಟ್ಟರೆ ಮೇನಿಯಾಕ್ಕೆ ದಾರಿ. ಕೆಲವು ಮಾಲೀಕರು ಓದಿ ಮಡಚಿ ಇಟ್ಟುಕೊಳ್ಳುತ್ತಾರೆ, ಕೆಲವರು ಬೇರೆ ಆಳು ಹುಡುಕುತ್ತಾರೆ. ಆ ಗುಮಾಸ್ತರ ಮಾಲೀಕರು ಫೋನ್ ಹಿಡಿಯಲು ಒಬ್ಬ ಹುಡುಗನನ್ನು ಇಟ್ಟರು. ವರ್ಷವಾದ ಮೇಲೆ ಗುಮಾಸ್ತರಿಗೆ ಪದಗಳ ಪರೀಕ್ಷೆ ಮತ್ತೆ ಮಾಡಿದೆ. ಅಂಕ ಹೆಚ್ಚುಕಮ್ಮಿ ಅಷ್ಟೇ ಇತ್ತು. ‘ಅದಿರಲಿ ಬಿಡಿ ಮೇಡಂ, ಈ ಸೀಸನ್ನಿನಲ್ಲಿ ಲೆಕ್ಕ ತಾಳೆ ಆಗಿದೆ’ ಅಂದು ಮಧ್ಯಾಹ್ನದ ಲೋಡಿಗೆ ಹೊತ್ತಾಯಿತು ಅಂತ ಎದ್ದರು.